ಮನಸ್ಸಿಗೊಪ್ಪುವ ಕಾಕ್‌ಟೇಲ್ ಬಾರ್ ಆರಿಸಿಕೊಳ್ಳುವುದು ಹೇಗೆ: ಕಾಸರಗೋಡಿನಿಂದ ಹೊರಡುವವರಿಗೆ

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯ ಕನ್ನಡಿಗರಿಗೆ ಗಡಂಗು ಗೊತ್ತು, ಕಳ್ಳಿನ ಅಂಗಡಿ ಗೊತ್ತು, ಪೆಗ್ ಲೆಕ್ಕದಲ್ಲಿ ಅಳೆದು ಕೊಡುವ ಹೋಟೆಲು ಬಾರ್ ಕೂಡ ಗೊತ್ತು. ಮದ್ಯಕ್ಕೆ ಹಣ್ಣಿನ ರಸ, ಸಿಹಿ ಅಥವಾ ಬೇರೆ ಮದ್ಯ ಬೆರೆಸಿ ಮಾಡುವ ಕಾಕ್‌ಟೇಲ್‌ಗೆಂದೇ ಇರುವ ಬಾರ್‌ನ ರೀತಿ ಇವುಗಳಿಗಿಂತ ಬೇರೆ. ಅಲ್ಲಿ ಮದ್ಯಕ್ಕೆ ಕೊಡುವಷ್ಟೇ ಬೆಲೆಯನ್ನು ಪಾನೀಯ ಬೆರೆಸಿಕೊಡುವ ಬಾರ್‌ಟೆಂಡರರ ಕೈಚಳಕಕ್ಕೆ, ಕುಳಿತುಕೊಳ್ಳುವ ಜಾಗಕ್ಕೆ, ಅಲ್ಲಿನ ಬೆಳಕಿಗೆ ಮತ್ತು ಸದ್ದಿಗೆ ಕೊಡುತ್ತೇವೆ. ಹೀಗಾಗಿ ಆಯ್ಕೆ ತಪ್ಪಿದರೆ ಹಣದ ಜತೆಗೆ ಒಂದು ಸಂಜೆಯೂ ಹಾಳಾಗುತ್ತದೆ. ಪಾನೀಯಗಳ ಪಟ್ಟಿಯನ್ನು ಕೈಗೆತ್ತಿಕೊಳ್ಳುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ: ಇವತ್ತು ನನಗೆ ಎಷ್ಟು ಮಾತು ಬೇಕಾಗಿದೆ, ಮತ್ತು ರಾತ್ರಿ ಮನೆಗೆ ಮರಳುವುದು ಹೇಗೆ.

ಮೊದಲನೆಯ ಪ್ರಶ್ನೆಯಲ್ಲಿಯೇ ಅರ್ಧಕ್ಕಿಂತ ಹೆಚ್ಚಿನ ನಿರ್ಧಾರ ಅಡಗಿದೆ. ‘ನಾನು ಸಂಕೋಚದ ಸ್ವಭಾವದವನು, ಆದ್ದರಿಂದ ಮೂಲೆಯ ಮೇಜೇ ನನಗೆ ಸರಿ’ ಎಂದು ಅನೇಕರು ಭಾವಿಸುತ್ತಾರೆ. ಆದರೆ ಒಬ್ಬರೇ ಹೋಗುವ ಮಿತಭಾಷಿಗೆ ಮೂಲೆಯ ಮೇಜಿಗಿಂತ ಕೌಂಟರಿನ ಎತ್ತರದ ಕುರ್ಚಿಯೇ ಹೆಚ್ಚು ಹಿತವಾಗಿರುತ್ತದೆ. ಅಲ್ಲಿ ಕುಳಿತರೆ ಐಸ್ ಒಡೆಯುವುದು, ಪಾನೀಯ ತುಂಬಿದ ಶೇಕರ್ ಡಬ್ಬಿ ಅಲುಗಿಸುವುದು, ಕಿತ್ತಳೆ ಸಿಪ್ಪೆ ಹಿಂಡುವುದು ಎಲ್ಲವೂ ಕಣ್ಣೆದುರೇ ನಡೆಯುತ್ತವೆ. ಮಾತನಾಡಲು ಮನಸ್ಸಾದರೆ ಎದುರಿಗೆ ಬಾರ್‌ಟೆಂಡರ್ ಇದ್ದಾರೆ, ಬೇಡವೆನಿಸಿದರೆ ಅವರ ಕೆಲಸ ನೋಡುತ್ತ ಸುಮ್ಮನೆ ಕುಳಿತಿರಬಹುದು. ಮೂಲೆಯ ಮೇಜಿನಲ್ಲಿ ಒಬ್ಬರೇ ಕುಳಿತವರು ಕೊನೆಗೆ ಮೊಬೈಲನ್ನೇ ನೋಡುತ್ತ ಗ್ಲಾಸನ್ನು ಬೇಗ ಬೇಗ ಖಾಲಿ ಮಾಡುತ್ತಾರೆ. ಮಾತಿನಲ್ಲಿ ಆಸಕ್ತಿ ಹೆಚ್ಚಿರುವವರು ಇದಕ್ಕೆ ವಿರುದ್ಧವಾಗಿ ಮೇಜನ್ನೇ ಆರಿಸಬೇಕು, ಏಕೆಂದರೆ ಸಾಲಾಗಿ ಕುಳಿತ ನಾಲ್ಕು ಜನ ಒಟ್ಟಿಗೆ ಮಾತನಾಡುವುದು ಸಾಧ್ಯವಿಲ್ಲ.

ಇದಕ್ಕೆ ಸೇರಿದಂತೆ ನಮ್ಮ ಊರುಗಳಲ್ಲಿ ಮಾತ್ರ ಎದ್ದು ಕಾಣುವ ಒಂದು ವಿಷಯವನ್ನು ಬಿಡದೆ ಹೇಳಬೇಕು. ಪರಿಚಯದವರು ಕಂಡಾರು ಎಂಬ ಅಂಜಿಕೆಯಿಂದ ಬಾರ್ ಆರಿಸುವವರು ನಮ್ಮಲ್ಲಿ ಬಹಳ. ಮನೆಯಲ್ಲಿ ಯಾರೂ ಕುಡಿಯದ ಕುಟುಂಬಗಳಿಂದ ಬಂದವರಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಈ ಅಂಜಿಕೆ ಸಹಜವಾದದ್ದು. ಅದನ್ನು ಸಣ್ಣದೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಅಂಜಿಕೆಯಿಂದ ಆರಿಸಿದ ಕತ್ತಲೆಯ ಜಾಗದಲ್ಲಿ ಜನ ಬೇಗ ಕುಡಿದು ಬೇಗ ಎದ್ದುಬಿಡುತ್ತಾರೆ, ಕಾಕ್‌ಟೇಲಿನ ರುಚಿ ನಾಲಗೆಗೆ ನಿಲ್ಲುವುದೇ ಇಲ್ಲ. ಅಂಥವರು ಊರಿನ ಹತ್ತಿರ ಮರೆಯಾದ ಜಾಗ ಹುಡುಕುವುದಕ್ಕಿಂತ ಐವತ್ತು ಕಿಲೋಮೀಟರ್ ಆಸುಪಾಸಿನ ಮಂಗಳೂರಿಗೆ ಹೋಗಿ, ಬೆಳಕಿರುವ, ಕುಟುಂಬದವರೂ ಊಟಕ್ಕೆ ಬರುವ ಹೋಟೆಲಿನ ಬಾರಿನಲ್ಲಿ ನಿರಾಳವಾಗಿ ಕುಳಿತುಕೊಳ್ಳುವುದು ಎಷ್ಟೋ ಮೇಲು.

ಇನ್ನು ಬಾರ್‌ಗಳ ಬಗೆಗಳನ್ನು ನೋಡೋಣ. ಕೇರಳದಲ್ಲಿ 2017ರ ಮದ್ಯನೀತಿಯ ನಂತರ ಬಾರ್ ಪರವಾನಗಿ ಮೂರು ನಕ್ಷತ್ರ ಮತ್ತು ಅದಕ್ಕಿಂತ ಮೇಲಿನ ದರ್ಜೆಯ ಹೋಟೆಲುಗಳಿಗೆ ಸಿಗುತ್ತಿರುವುದರಿಂದ, ನಮ್ಮ ಜಿಲ್ಲೆಯಲ್ಲಿ ಕಾಕ್‌ಟೇಲ್ ಕುಡಿಯಬೇಕೆಂದರೆ ಬೇಕಲದ ರೆಸಾರ್ಟ್‌ಗಳಂಥ ಜಾಗಗಳನ್ನೇ ನೆಚ್ಚಬೇಕಾಗುತ್ತದೆ. ಹೋಟೆಲು ಬಾರ್ ಸಾಮಾನ್ಯವಾಗಿ ಶಾಂತವಾಗಿರುತ್ತದೆ, ಕುರ್ಚಿಗಳು ದೊಡ್ಡವಾಗಿರುತ್ತವೆ, ಬೆಲೆ ಹೆಚ್ಚು. ದಣಿದ ಮನಸ್ಸಿಗೆ, ವಯಸ್ಸಾದವರ ಜತೆ ಹೋಗುವವರಿಗೆ, ಮೊದಲ ಬಾರಿಗೆ ಭೇಟಿಯಾಗುತ್ತಿರುವ ಇಬ್ಬರಿಗೆ ಇದಕ್ಕಿಂತ ಸುರಕ್ಷಿತವಾದ ಆಯ್ಕೆ ಇಲ್ಲ. ಮೊದಲ ಭೇಟಿಯಲ್ಲಿ ಎದುರಿನವರ ಮಾತು ಸ್ಪಷ್ಟವಾಗಿ ಕೇಳಿಸುವುದೇ ಮುಖ್ಯ; ಎಂಟು ಗಂಟೆಗೆ ಡಿಜೆ ಶುರುವಾಗುವ ಪಬ್ಬಿನಲ್ಲಿ ಅದು ನಡೆಯದು.

ಎರಡನೆಯದು ಗುಟ್ಟಾಗಿ ಅಡಗಿಸಿಟ್ಟಂಥ ಬಾರ್. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿದ್ದಾಗ ಕಳ್ಳತನದಲ್ಲಿ ನಡೆಯುತ್ತಿದ್ದ ಮದ್ಯದಂಗಡಿಗಳನ್ನು ನೆನಪಿಸುವ ಹಾಗೆ ಇವುಗಳನ್ನು ಕಟ್ಟುತ್ತಾರೆ. ಬೆಂಗಳೂರಿನ ಲೀಲಾ ಪ್ಯಾಲೇಸ್ ಹೋಟೆಲಿನಲ್ಲಿರುವ ಝಡ್‌ಎಲ್‌ಬಿ 23 ಈ ಬಗೆಯದು. ಕುತೂಹಲದ ಸ್ವಭಾವದವರಿಗೆ, ಹುಟ್ಟುಹಬ್ಬದಂಥ ವಿಶೇಷ ದಿನಗಳಿಗೆ ಇವು ಬಹಳ ಒಪ್ಪುತ್ತವೆ. ಜಾಗ ಚಿಕ್ಕದಿರುವುದರಿಂದ ಮೊದಲೇ ಕಾದಿರಿಸಬೇಕು. ಆರೇಳು ಜನರ ಗುಂಪು ಕಟ್ಟಿಕೊಂಡು ಹೋಗುವ ಜಾಗ ಇದಲ್ಲ. ಅದೇ ನಗರದ ಫೋರ್ ಸೀಸನ್ಸ್ ಹೋಟೆಲಿನ 21ನೆಯ ಮಹಡಿಯಲ್ಲಿರುವ ಕೊಪಿಟಾಸ್‌ನಂಥ ಎತ್ತರದ ಬಾರ್, ಮನಸ್ಸು ಇಕ್ಕಟ್ಟಿನಲ್ಲಿದೆ ಎನಿಸಿದ ದಿನ ನಗರವನ್ನು ದೂರದಿಂದ ನೋಡಲು ಬಯಸುವವರಿಗೆ ಒದಗುತ್ತದೆ.

ಸಂಗೀತವನ್ನು ನಿಜವಾಗಿ ಪ್ರೀತಿಸುವವರಿಗೆ ಬೇರೆಯದೇ ಒಂದು ಬಗೆಯಿದೆ. ಗೋವಾದ ಪಣಜಿಯಲ್ಲಿರುವ ಫಾರ್ ದ ರೆಕಾರ್ಡ್, ಹಳೆಯ ಗ್ರಾಮಫೋನ್ ತಟ್ಟೆಗಳ ಸಂಗೀತದ ಸುತ್ತಲೇ ಕಟ್ಟಿದ ಬಾರ್. ರಾತ್ರಿಯಿಡೀ ಯಕ್ಷಗಾನದ ಚೆಂಡೆಮದ್ದಳೆಗೆ ಕಿವಿಗೊಟ್ಟು ಬೆಳೆದ ನಮ್ಮ ಕಡೆಯವರಿಗೆ, ಮಾತು ನಿಲ್ಲಿಸಿ ಕೇಳುತ್ತ ಕುಳಿತುಕೊಳ್ಳುವ ಇಂಥ ಜಾಗ ಇಷ್ಟವಾಗುತ್ತದೆಂದು ನನಗೆ ಅನಿಸುತ್ತದೆ. ಪಣಜಿಯಲ್ಲಿಯೇ ಇರುವ ಜೋಸೆಫ್ ಬಾರ್ ಹಳೆಯ ಕಾಲದ ಪುಟ್ಟ ಗಡಂಗಿನ ಗುಣವನ್ನು ಉಳಿಸಿಕೊಂಡಿದೆ. ಗೇರುಹಣ್ಣಿನ ರಸದಿಂದ ಬಟ್ಟಿ ಇಳಿಸಿದ ಫೆನಿ ಮತ್ತು ಅದೇ ರಸದ ಮೊದಲ ಬಟ್ಟಿಯಾದ, ಬೇಸಿಗೆಯಲ್ಲಿ ಮಾತ್ರ ಸಿಗುವ ಉರ್ರಾಕ್‌ಗೆ ಅದು ಹೆಸರಾದದ್ದು. ಗೋವಾದ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು (ಜಿಐ) ದೊರೆತಿದೆ. ಗೇರುಮರಗಳ ನಡುವೆಯೇ ಬೆಳೆದ ಕಾಸರಗೋಡಿನವರಿಗೆ ಆ ವಾಸನೆ ಪರಕೀಯವೆನಿಸದು. ಆಡಂಬರ ಒಗ್ಗದ, ಪಕ್ಕದವರೊಡನೆ ಸುಲಭವಾಗಿ ಬೆರೆಯುವ ಸ್ವಭಾವದವರು ಐಷಾರಾಮಿ ಬಾರ್‌ಗಳನ್ನು ಬಿಟ್ಟು ಇಂಥ ಕಡೆ ಹೋಗಬೇಕು. ಕುಣಿಯಬೇಕೆಂಬ ಆಸೆಯಿರುವವರಿಗೆ ಪಬ್ಬು ಸಾಕು. ಅಲ್ಲಿ ದುಬಾರಿ ಕಾಕ್‌ಟೇಲಿಗೆ ಹಣ ಸುರಿಯುವುದು ವ್ಯರ್ಥ.

ಬಗೆ ಯಾವುದೇ ಇರಲಿ, ಬಾರ್ ಒಳ್ಳೆಯದೋ ಅಲ್ಲವೋ ಎಂಬುದನ್ನು ಕುಳಿತ ಹತ್ತು ನಿಮಿಷದಲ್ಲಿ ತಿಳಿಯಬಹುದು. ಕೌಂಟರಿನ ಮೇಲೆ ತಾಜಾ ನಿಂಬೆ ಕಾಣಿಸುತ್ತಿದೆಯೇ, ಇಲ್ಲವೇ ಬಾಟಲಿಯ ರಸ ಬಳಸುತ್ತಿದ್ದಾರೆಯೇ ಎಂಬುದನ್ನು ಮೊದಲು ನೋಡಿರಿ. ಐಸ್ ದೊಡ್ಡ, ಗಟ್ಟಿ ತುಂಡುಗಳಾಗಿದ್ದರೆ ನಿಧಾನವಾಗಿ ಕರಗಿ ಪಾನೀಯದ ಹದ ಉಳಿಯುತ್ತದೆ. ಚೂರುಚೂರಾದ ನೀರೊಸರುವ ಐಸ್ ಐದೇ ನಿಮಿಷದಲ್ಲಿ ಎಲ್ಲವನ್ನೂ ಸಪ್ಪೆ ಮಾಡುತ್ತದೆ. ಹಣ್ಣಿನ ರಸ, ಮೊಟ್ಟೆಯ ಬಿಳಿ ಸೇರಿದ ಕಾಕ್‌ಟೇಲುಗಳನ್ನು ಶೇಕರಿನಲ್ಲಿ ಅಲುಗಿಸುತ್ತಾರೆ, ಮದ್ಯ ಮದ್ಯವಷ್ಟೇ ಸೇರಿದವನ್ನು ಉದ್ದ ಚಮಚದಲ್ಲಿ ಕದಡುತ್ತಾರೆ. ವರ್ಮೂತ್ ಎಂಬುದು ವೈನಿನ ಜಾತಿಗೆ ಸೇರಿದ್ದರಿಂದ, ತೆರೆದ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಟ್ಟಿರಬೇಕು. ಕಪಾಟಿನಲ್ಲಿ ಧೂಳು ಹಿಡಿದು ನಿಂತಿದ್ದರೆ ಅಲ್ಲಿ ವರ್ಮೂತ್ ಬೆರೆಸುವ ಮಾರ್ಟಿನಿಯನ್ನು ಹೇಳದಿರುವುದೇ ಒಳ್ಳೆಯದು. ಪಟ್ಟಿಯಲ್ಲಿ ಎಂಬತ್ತು ಹೆಸರುಗಳಿರುವ ಬಾರಿಗಿಂತ ಹದಿನೈದು ಹೆಸರುಗಳಿರುವ ಬಾರಿನಲ್ಲಿ ನನಗೆ ನಂಬಿಕೆ ಹೆಚ್ಚು. ಅನುಮಾನವಿದ್ದರೆ ಮೊದಲಿಗೆ ಡೈಕಿರಿ ಕೇಳಿ ನೋಡಿರಿ: ರಮ್, ನಿಂಬೆರಸ, ಸಕ್ಕರೆ ಇಷ್ಟೇ ಇರುವ ಪಾನೀಯದಲ್ಲಿ ತಪ್ಪನ್ನು ಮುಚ್ಚಿಡಲು ಜಾಗವೇ ಇಲ್ಲ.

ಮನಃಸ್ಥಿತಿಗೆ ತಕ್ಕ ಪಾನೀಯ ಯಾವುದು ಎಂದು ಬಾರ್‌ಟೆಂಡರರನ್ನು ಕೇಳಲು ಹಿಂಜರಿಯಬೇಡಿ, ಆದರೆ ಪ್ರಶ್ನೆ ಸ್ಪಷ್ಟವಾಗಿರಲಿ. ಏನಾದರೂ ಚೆನ್ನಾಗಿರುವುದನ್ನು ಕೊಡಿ ಎಂದರೆ ಅವರಿಗೂ ದಾರಿ ಕಾಣದು. ಹುಳಿಯಾಗಿರಲಿ, ಸಿಹಿ ಕಡಿಮೆಯಿರಲಿ, ನಿಧಾನವಾಗಿ ಕುಡಿಯುವಂತಿರಲಿ ಎಂದು ಹೇಳಿದರೆ ಒಳ್ಳೆಯ ಬಾರ್‌ಟೆಂಡರ್ ತಕ್ಕದ್ದನ್ನು ಮಾಡಿಕೊಡುತ್ತಾರೆ. ಜಿನ್, ಕಂಪಾರಿ ಎಂಬ ಕಹಿ ಮದ್ಯ, ಸಿಹಿ ವರ್ಮೂತ್ ತಲಾ 30 ಮಿಲಿ ಬೆರೆಸಿದ ನೆಗ್ರೋನಿ ಕಹಿ ಇಷ್ಟಪಡುವವರ ಪಾನೀಯ; ಹಾಗಲಕಾಯಿಯ ಪಲ್ಯವನ್ನು ಮೆಚ್ಚಿ ತಿನ್ನುವವರು ಧೈರ್ಯವಾಗಿ ಕೇಳಬಹುದು. ಲಾಂಗ್ ಐಲ್ಯಾಂಡ್ ಐಸ್ಡ್ ಟೀ ಎಂಬುದು ಹೆಸರಿಗೆ ಚಹಾ, ಒಳಗೆ ವೋಡ್ಕಾ, ರಮ್, ಜಿನ್, ಟಕೀಲಾ, ಟ್ರಿಪಲ್ ಸೆಕ್ ಎಂಬ ಐದು ಬಗೆಯ ಮದ್ಯ. ಕೋಲಾದ ಸಿಹಿಯಲ್ಲಿ ಅದರ ಬಲ ಅರಿವಿಗೇ ಬರುವುದಿಲ್ಲ. ಹೊಸಬರು ಇದರಿಂದ ದೂರವಿರಬೇಕು. ಕುಡಿಯದ ಗೆಳೆಯರು ಜತೆಗಿದ್ದರೆ ಮದ್ಯವಿಲ್ಲದ ಪಾನೀಯಗಳಿಗೂ ಅಷ್ಟೇ ಶ್ರದ್ಧೆ ತೋರುವ ಬಾರನ್ನೇ ಆರಿಸಿರಿ. ಪುನರ್ಪುಳಿ, ಶುಂಠಿ, ಸೋಡಾ ಸೇರಿಸಿ ಚೆಂದದ ಗ್ಲಾಸಿನಲ್ಲಿ ಕೊಡುವ ಬಾರಿನಲ್ಲಿ ಅವರು ಹೊರಗಿನವರಂತೆ ಕುಳಿತಿರಬೇಕಾಗಿಲ್ಲ.

ಒಂದು ಮನಃಸ್ಥಿತಿಗೆ ಮಾತ್ರ ನಾನು ಯಾವ ಬಾರನ್ನೂ ಸೂಚಿಸಲಾರೆ. ಸಾವಿನ ದುಃಖ, ಮುರಿದ ಸಂಬಂಧ, ಕೆಲಸ ಕಳೆದುಕೊಂಡ ಸಂಕಟ, ಯಾರ ಮೇಲೋ ಉಕ್ಕುತ್ತಿರುವ ಸಿಟ್ಟು ಇರುವ ದಿನ ಮದ್ಯ ಮನಸ್ಸನ್ನು ಹಗುರ ಮಾಡುವುದಿಲ್ಲ, ನಿದ್ದೆಯನ್ನೂ ಕೆಡಿಸುತ್ತದೆ. ಆ ದಿನ ಗೆಳೆಯರೊಬ್ಬರ ಮನೆಯ ಜಗಲಿಗೆ ಹೋಗಿ ಕುಳಿತುಕೊಳ್ಳಿ.

ಇನ್ನು ಮರಳುವ ಪ್ರಶ್ನೆ. ಗಡಿಯಲ್ಲಿ ಇರುವವರಿಗೆ ಎರಡು ರಾಜ್ಯಗಳ ನಿಯಮಗಳು ತಿಳಿದಿರಬೇಕು. ಕೇರಳದಲ್ಲಿ ಮದ್ಯ ಕುಡಿಯಲು 23 ವರ್ಷ ತುಂಬಿರಬೇಕು, ಬಾರ್‌ಗಳು ರಾತ್ರಿ 11ಕ್ಕೆ ಮುಚ್ಚುತ್ತವೆ, ಮತ್ತು ಪ್ರತಿ ತಿಂಗಳ ಒಂದನೆಯ ತಾರೀಖು ಒಣದಿನ, ಅಂದರೆ ಮದ್ಯ ಮಾರದ ದಿನ. ಸಂಬಳ ಬಂದ ದಿನವೇ ಸಂಭ್ರಮಿಸಲು ಹೊರಡುವವರು ಇದನ್ನು ಮರೆತು ಬೇಕಲದವರೆಗೆ ಹೋಗಿ ನಿರಾಶರಾಗಿ ಮರಳುವುದುಂಟು. ಕರ್ನಾಟಕದಲ್ಲಿ ಕೊಂಡ ಬಾಟಲಿಯನ್ನು ತಲಪಾಡಿ ಗಡಿ ದಾಟಿಸಿ ತರುವುದು ಕೇರಳದ ಅಬಕಾರಿ ಕಾನೂನಿನ ಪ್ರಕಾರ ಅಪರಾಧ. ಬಾರಿನಲ್ಲಿ ಇಷ್ಟವಾದ ಜಿನ್ನನ್ನು ಬರುವಾಗ ಅಂಗಡಿಯಿಂದ ಕೊಂಡು ತರೋಣ ಎಂಬ ಯೋಚನೆಯನ್ನು ಅಲ್ಲಿಯೇ ಬಿಟ್ಟುಬಿಡಬೇಕು.

ವಾಹನ ಓಡಿಸುವವರ ರಕ್ತದಲ್ಲಿ 100 ಮಿಲಿಗೆ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಕಂಡುಬಂದರೆ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ ಮೊದಲ ಸಲಕ್ಕೇ ಆರು ತಿಂಗಳವರೆಗಿನ ಸಜೆ, 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಕಾಕ್‌ಟೇಲಿನಲ್ಲಿ ಎಷ್ಟು ಮದ್ಯ ಹೊಟ್ಟೆಗೆ ಹೋಯಿತೆಂದು ಪೆಗ್ಗಿನಂತೆ ಎಣಿಸಲು ಬರುವುದಿಲ್ಲವಾದ್ದರಿಂದ, ಒಂದೇ ಗ್ಲಾಸಾದರೂ ಸರಿ, ಹೆದ್ದಾರಿಯಲ್ಲಿ ಸ್ಟಿಯರಿಂಗ್ ಮುಟ್ಟಬಾರದು. ಆದ್ದರಿಂದ ಮಂಗಳೂರಿಗೆ ಹೋಗುವವರು ರೈಲು ನಿಲ್ದಾಣಕ್ಕೆ ಸಮೀಪದ ಬಾರನ್ನು ಆರಿಸಿ ಸಂಜೆ ಐದೂವರೆಗೇ ಹೋಗುವುದು ಜಾಣತನ. ಆ ಹೊತ್ತಿಗೆ ಜನ ಕಡಿಮೆ, ಬಾರ್‌ಟೆಂಡರರಿಗೆ ನಿಮ್ಮೊಡನೆ ಮಾತನಾಡಲು ಬಿಡುವಿರುತ್ತದೆ. ಎರಡನೆಯ ಗ್ಲಾಸ್ ಹೇಳುವ ಮೊದಲು ಊಟಕ್ಕೆ ಏನಾದರೂ ತರಿಸಿಕೊಳ್ಳಿ, ಕಾಸರಗೋಡಿನ ಕಡೆಗೆ ಬರುವ ರೈಲಿನ ಸಮಯವನ್ನು ಇನ್ನೊಮ್ಮೆ ನೋಡಿಕೊಳ್ಳಿ.