ಭಾರದ ಟ್ರೇಲರ್ ಎಳೆಯಲು ಗೇರ್‌ಬಾಕ್ಸ್ ಆರಿಸುವುದು, ಓಡಿಸುವುದು

ಲಾರಿ ನೋಡಲು ಹೋದವರು ಮೊದಲು ಕೇಳುವುದು ಹಾರ್ಸ್‌ಪವರ್ ಎಷ್ಟು ಅಂತ. ಭಾರ ಎಳೆಯುವವರು ಕೇಳಬೇಕಾದದ್ದು ಬೇರೆ. ಒಂದನೇ ಗೇರಿನ ರೇಶಿಯೋ (ಇಂಜಿನ್ನಿನ ತಿರುಗಿಸುವ ಬಲವನ್ನು ಎಷ್ಟು ಪಟ್ಟು ಮಾಡುತ್ತದೆ ಅನ್ನುವುದು) ಎಷ್ಟು, ಹಿಂದಿನ ಆಕ್ಸಲ್ಲಿನದು ಎಷ್ಟು? ಒಮ್ಮೆ ಉರುಳಲು ಶುರುವಾದ ಗಾಡಿಯನ್ನು ಇಂಜಿನ್ ಹೇಗೋ ಎಳೆದುಕೊಂಡು ಹೋಗುತ್ತದೆ. ಏರಿನ ನಡುವೆ ನಿಂತುಹೋದದ್ದನ್ನು ಮತ್ತೆ ಎತ್ತಬೇಕಲ್ವಾ, ಗೇರ್‌ಬಾಕ್ಸಿನ ತಾಕತ್ತು ಗೊತ್ತಾಗುವುದು ಅಲ್ಲಿ.

ಒಂದು ಲೆಕ್ಕ ಹಾಕೋಣ. ಇಂಜಿನ್ ಟಾರ್ಕ್, ಅಂದರೆ ತಿರುಗಿಸುವ ಬಲ, 1000 ನ್ಯೂಟನ್ ಮೀಟರ್, ಒಂದನೇ ಗೇರ್ 7, ಆಕ್ಸಲ್ 4 ಅಂದುಕೊಳ್ಳಿ. ಮೂರನ್ನೂ ಗುಣಿಸಿದರೆ ಚಕ್ರದಲ್ಲಿ 28,000. ಚಕ್ರದ ನಡುವಿನಿಂದ ನೆಲಕ್ಕೆ ಅರ್ಧ ಮೀಟರ್ ಇದ್ದರೆ ಎಳೆಯುವ ಬಲ 56,000 ನ್ಯೂಟನ್. ಟ್ರೇಲರ್ ಸೇರಿ 40 ಟನ್ ತೂಗುವ ಗಾಡಿ, 100 ಮೀಟರಿಗೆ 10 ಮೀಟರ್ ಏರುವ ರಸ್ತೆಯಲ್ಲಿ ಹಿಂದಕ್ಕೆ ಉರುಳದೆ ನಿಲ್ಲುವುದಕ್ಕೇ ಸುಮಾರು 39,000 ಬೇಕು. ಗೇರುಗಳೊಳಗೆ ಹೋಗುವುದು, ಟೈರ್ ತಿನ್ನುವುದು ಎಲ್ಲ ಕಳೆದರೆ ಉಳಿಯುವುದು ಸ್ವಲ್ಪ. ಅದೂ ಇಂಜಿನ್ ಪೂರ್ತಿ ಟಾರ್ಕ್ ಕೊಟ್ಟರೆ ಮಾತ್ರ. ಕ್ಲಚ್ ಬಿಡುವ ಹೊತ್ತಿಗೆ ಆರ್‌ಪಿಎಂ ಕಡಿಮೆ ಇರುತ್ತದೆ, ಅಷ್ಟು ಟಾರ್ಕ್ ಸಿಗುವುದಿಲ್ಲ, ಡ್ರೈವರ್ ಅರ್ಧ ಕ್ಲಚ್ಚಿನಲ್ಲಿ ರೇಸ್ ಕೊಡುತ್ತಾನೆ, ಪ್ಲೇಟ್ ಸುಡುತ್ತದೆ. ಒಂದನೇ ಗೇರ್ 12 ಇದ್ದರೆ ಅದೇ ಇಂಜಿನ್ 96,000 ಕೊಡುತ್ತದೆ. ದೊಡ್ಡ ಇಂಜಿನ್ನಿಗೆ ಹಣ ಸುರಿಯುವ ಮೊದಲು ಇದನ್ನು ನೋಡಿ.

ಗೇರ್ ಎಷ್ಟಿರಬೇಕು ಅನ್ನುವುದಕ್ಕಿಂತ ಒಂದರಿಂದ ಇನ್ನೊಂದಕ್ಕೆ ಅಂತರ ಎಷ್ಟು ಅನ್ನುವುದು ಮುಖ್ಯ. ಅಂತರ 1.6 ಪಟ್ಟು ಇದ್ದರೆ 1600 ಆರ್‌ಪಿಎಂನಲ್ಲಿ ಮೇಲಿನ ಗೇರ್ ಹಾಕಿದಾಗ ಇಂಜಿನ್ 1000ಕ್ಕೆ ಬೀಳುತ್ತದೆ, ಏರಿನಲ್ಲಿ ಅಲ್ಲಿಂದ ಮೇಲೆ ಬರಲಾಗದೆ ಗಾಡಿ ನಡುಗಲು ಶುರುವಾಗುತ್ತದೆ. 1.2 ಪಟ್ಟಾದರೆ 1330ರ ಹತ್ತಿರ ನಿಲ್ಲುತ್ತದೆ, ಎಳೆತ ಉಳಿಯುತ್ತದೆ. 12, 16 ಗೇರಿನ ಬಾಕ್ಸುಗಳ ಲಾಭ ಇದೇ. ಸಮತಟ್ಟು ರಸ್ತೆ, ಹಗುರ ಲೋಡ್ ಆದರೆ 6 ಸಾಕು.

ಟಾರ್ಕ್ ಕನ್ವರ್ಟರ್ (ಕ್ಲಚ್ಚಿನ ಬದಲು ಆಯಿಲ್ ಮೂಲಕ ಇಂಜಿನ್ ಬಲ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್, ಗಾಡಿ ಎತ್ತುವಾಗ ಇಂಜಿನ್ ಟಾರ್ಕನ್ನು ಸುಮಾರು ಎರಡು ಪಟ್ಟು ಮಾಡಿ ಕೊಡುತ್ತದೆ. ಪದೇ ಪದೇ ನಿಂತು ಹೊರಡುವ ಕೆಲಸಕ್ಕೆ ಒಳ್ಳೆಯದು, ಆದರೆ ಬಿಸಿ ಜಾಸ್ತಿ, ದೊಡ್ಡ ಆಯಿಲ್ ಕೂಲರ್ ಬೇಕೇ ಬೇಕು. ಎಎಂಟಿ, ಅಂದರೆ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ಹಾಕುವ ಮ್ಯಾನ್ಯುವಲ್ ಬಾಕ್ಸ್, ಅದರ ವಿಷಯ ಬೇರೆ. ಕ್ಲಚ್ ಪೆಡಲ್ ಇಲ್ಲ ಅಂದ ಮಾತ್ರಕ್ಕೆ ಒಳಗೆ ಕ್ಲಚ್ ಇಲ್ಲ ಅಂತಲ್ಲ. ಏರಿನಲ್ಲಿ ಬ್ರೇಕ್ ಒತ್ತದೆ ಆಕ್ಸಿಲರೇಟರಿನಲ್ಲೇ ಗಾಡಿಯನ್ನು ಹಿಡಿದು ನಿಲ್ಲಿಸಿದರೆ ಅದೂ ಮ್ಯಾನ್ಯುವಲ್ ಗಾಡಿಯಂತೆಯೇ ಸುಡುತ್ತದೆ.

ಮ್ಯಾನ್ಯುವಲ್‌ನಲ್ಲಿ ಲೋಡ್ ಎತ್ತುವಾಗ ಅತಿ ಕೆಳಗಿನ ಗೇರೇ ಹಾಕಿ. ಕ್ಲಚ್ ನಿಧಾನಕ್ಕೆ ಬಿಡಿ, ಕಾಲು ಪೂರ್ತಿ ಮೇಲೆ ಬಂದ ಮೇಲೆ ಆಕ್ಸಿಲರೇಟರ್ ಒತ್ತಿ. ನಾನು ಒಂದ್ಸಲ ಏರಿನಲ್ಲಿ ಅವಸರಕ್ಕೆ ಎರಡನೇ ಗೇರಿನಲ್ಲಿ ಎತ್ತಿದೆ. ಮೊದಲು ಸುಟ್ಟ ನಾತ ಬಂತು, ಆಮೇಲೆ ನೆಲದ ಮ್ಯಾಟಿನ ಕೆಳಗಿಂದ ತೆಳ್ಳಗೆ ಹೊಗೆ. ಗಾಡಿ ಏನೋ ಹತ್ತಿತು. ಆದರೆ ಅವತ್ತಿನಿಂದ ಮೇಲಿನ ಗೇರುಗಳಲ್ಲಿ ರೇಸ್ ಏರುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ.

ಆಟೋಮ್ಯಾಟಿಕ್ ಏರಿನಲ್ಲಿ ಮೇಲೆ ಕೆಳಗೆ ಗೇರ್ ಬದಲಿಸುತ್ತಲೇ ಇದ್ದರೆ ಸುಮ್ನೆ ನೋಡುತ್ತಾ ಕೂರಬೇಡಿ. ಓವರ್‌ಡ್ರೈವ್ (ಅತಿ ಮೇಲಿನ ಗೇರ್) ಆಫ್ ಮಾಡಿ, ಇಲ್ಲವೇ ಭಾರ ಎಳೆಯಲೆಂದೇ ಇರುವ ಟೋ ಮೋಡ್ ಹಾಕಿ. ಒಂದೊಂದು ಬದಲಾವಣೆಯೂ ಆಯಿಲನ್ನು ಬಿಸಿ ಮಾಡುತ್ತದೆ. ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಇದ್ದರೆ ಚೆನ್ನ. 120 ದಾಟಿದರೆ ಪಕ್ಕಕ್ಕೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಲು ಬಿಡಿ, ಕೂಲರ್ ಕೆಲಸ ಮಾಡಲಿ. ಡಿಪ್‌ಸ್ಟಿಕ್ ಇರುವ ಬಾಕ್ಸಾದರೆ ಆಗಾಗ ಬಿಳಿ ಬಟ್ಟೆಗೆ ಒರೆಸಿ ನೋಡಿ. ಕೆಂಪು ಆಯಿಲ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಒಳಗೆ ಕ್ಲಚ್ ಸವೆಯುತ್ತಿದೆ ಅಂತ ಲೆಕ್ಕ.

ಇಳಿಜಾರಿನ ಮಾತು ದಯವಿಟ್ಟು ಗಮನ ಇಟ್ಟು ಓದಿ, ಇಲ್ಲಿ ಜೀವ ಹೋಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ, ಲೋಡ್ ಜಾಸ್ತಿ ಇದ್ದರೆ ಅದಕ್ಕೂ ಕೆಳಗಿನದರಲ್ಲಿ. ಆ ಗೇರನ್ನು ಇಳಿಯಲು ಶುರುಮಾಡುವ ಮೊದಲೇ ಹಾಕಿರಬೇಕು. ವೇಗ ಹಿಡಿದ ಮೇಲೆ ನ್ಯೂಟ್ರಲ್‌ಗೆ ತಂದರೆ ಕೆಳಗಿನ ಗೇರ್ ಮತ್ತೆ ಕೂರದೇ ಹೋಗಬಹುದು, ಆಗ ಇಡೀ ಭಾರ ಬ್ರೇಕಿನ ಮೇಲೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವುದಂತೂ ಬೇಡವೇ ಬೇಡ. ಇಂಜಿನ್ ಬ್ರೇಕ್ (ಇಂಜಿನ್ನೇ ಗಾಡಿಯ ವೇಗ ತಡೆಯುವ ಏರ್ಪಾಡು) ಚೆನ್ನಾಗಿ ಹಿಡಿಯುವುದು ಆರ್‌ಪಿಎಂ ಮೇಲಿದ್ದಾಗ, ಕೆಂಪು ಗೆರೆ ಮಾತ್ರ ದಾಟಿಸಬೇಡಿ. ಕಾಲು ಬ್ರೇಕನ್ನು ಒತ್ತಿ ಹಿಡಿದುಕೊಂಡೇ ಇಳಿಯಬೇಡಿ. ಗಟ್ಟಿಯಾಗಿ ಒತ್ತಿ ವೇಗ 8-10 ಕಿಲೋಮೀಟರ್ ಇಳಿಸಿ, ಪೂರ್ತಿ ಬಿಡಿ, ವೇಗ ಏರಿದಾಗ ಮತ್ತೆ ಒತ್ತಿ.

ಮಳೆ ಬಿದ್ದ ರಸ್ತೆಯಲ್ಲಿ ಖಾಲಿ ಟ್ರೇಲರ್ ಇದ್ದರೆ ಇಂಜಿನ್ ಬ್ರೇಕ್ ಆಫ್ ಮಾಡಿ. ಹಿಂದಿನ ಚಕ್ರಕ್ಕೆ ಭಾರ ಇರುವುದಿಲ್ಲ, ಚಕ್ರ ಜಾರಿ ಗಾಡಿ ಟ್ರೇಲರಿನ ಕಡೆಗೇ ಮಡಚಿಕೊಳ್ಳುತ್ತದೆ.