ಟೆನಿಸ್ ಬಾಲ್ ಬಿಟ್ಟು ಲೆದರ್ ಬಾಲಿಗೆ ಬಂದವರು ಯಾವ ಬಾಲಿಗೆ ಯಾವ ಶಾಟ್ ಆಡಬೇಕು?

ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕ ಕಡೆ ಟೆನಿಸ್ ಬಾಲಿನಲ್ಲಿ ಸಿಕ್ಸ್ ಎತ್ತುವ ಹುಡುಗರಿಗೆ ಬರಗಾಲವಿಲ್ಲ. ಆದರೆ ಅದೇ ಹುಡುಗರು ಲೆದರ್ ಬಾಲಿನ ಮ್ಯಾಚಿಗೆ ಇಳಿದರೆ ಎರಡು ಓವರ್ ನಿಲ್ಲುವುದೂ ಕಷ್ಟ. ಬಲ ಸಾಲದೆ ಔಟ್ ಆಗುವುದಲ್ಲ ಮಾರಾಯ್ರೆ. ಎಡಗಾಲನ್ನು ಲೆಗ್ ಸೈಡಿಗೆ ಸರಿಸಿ, ಜಾಗ ಮಾಡಿಕೊಂಡು, ಬಂದದ್ದನ್ನೆಲ್ಲ ಮಿಡ್‌ವಿಕೆಟ್ ಮೇಲಿಂದ ಎತ್ತುವ ಚಾಳಿ ಇದೆಯಲ್ಲ, ಅದರದ್ದೇ ತೊಂದರೆ. ಟೆನಿಸ್ ಬಾಲ್ ಸುಮಾರು 58 ಗ್ರಾಂ, ಲೆದರ್ ಬಾಲ್ 156ರಿಂದ 163 ಗ್ರಾಂ. ಗಾಳಿಯಲ್ಲೂ ತಿರುಗುತ್ತದೆ, ಸೀಮ್ (ಬಾಲಿನ ಹೊಲಿಗೆ) ಮೇಲೆ ಬಿದ್ದರೆ ಇನ್ನೊಮ್ಮೆ ತಿರುಗುತ್ತದೆ. ಕಾಲು ಅತ್ತ, ಬ್ಯಾಟ್ ಇತ್ತ ಆದರೆ ಸ್ಟಂಪ್ ಹಾರುತ್ತದೆ, ಅಷ್ಟೇ.

ಹಾಗಾಗಿ ಮೊದಲು ಲೆಂತ್, ಅಂದರೆ ಬಾಲ್ ಪಿಚ್ಚಿನಲ್ಲಿ ಎಲ್ಲಿ ಬೀಳುತ್ತದೆ ಎಂದು ನೋಡಿ, ಆಮೇಲೆ ಕಾಲು ಇಡಿ, ಬ್ಯಾಟ್ ಕೊನೆಗೆ. ಬೌಲರ್ ಓಡಿ ಬರುವಾಗಲೇ "ಈ ಬಾಲಿಗೆ ಸಿಕ್ಸ್" ಎಂದು ತೀರ್ಮಾನ ಮಾಡಿಬಿಟ್ಟರೆ ಇಲ್ಲಿ ಬರೆದದ್ದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಮುಂದೆ ಹೇಳುವುದೆಲ್ಲ ಬಲಗೈ ಬ್ಯಾಟರಿಗೆ. ಎಡಗೈಯವರು ತಿರುಗಿಸಿ ಓದಿಕೊಳ್ಳಿ.

ಗ್ರಿಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡೂ ಕೈಯಲ್ಲಿ ಹೆಬ್ಬೆರಳು, ತೋರುಬೆರಳಿನ ನಡುವೆ ಆಗುವ "ವಿ" ಒಂದೇ ಸಾಲಿಗೆ ಬರಬೇಕು, ಬ್ಯಾಟಿನ ಹಿಂದಿನ ಉಬ್ಬು ಗೆರೆಗೂ ಹೊರಗಿನ ಅಂಚಿಗೂ ನಡುವೆ. ತಲೆ ನೇರ, ಎರಡೂ ಕಣ್ಣು ಬೌಲರ್ ಕಡೆಗೆ.

ಎಲ್ಲರಿಗೂ ಬೋರ್ ಅನ್ನಿಸುವ ಫಾರ್ವರ್ಡ್ ಡಿಫೆನ್ಸಿನಿಂದ ಶುರು ಮಾಡೋಣ. ಗುಡ್ ಲೆಂತ್ ಬಾಲಿಗೆ (ನಿಮಗೆ ತೀರಾ ಹತ್ತಿರವೂ ಅಲ್ಲ, ತೀರಾ ದೂರವೂ ಅಲ್ಲದೆ ಬೀಳುವುದು) ಎಡಗಾಲನ್ನು ಬಾಲ್ ಬೀಳುವ ಜಾಗದ ಹತ್ತಿರ ಇಟ್ಟು ಮಂಡಿ ಬಗ್ಗಿಸಿ. ಎಡ ಮೊಣಕೈ ಮೇಲೆ ಇರಲಿ, ಬ್ಯಾಟ್ ಪ್ಯಾಡಿನ ಪಕ್ಕದಲ್ಲೇ ಬರಲಿ. ಇವೆರಡರ ನಡುವೆ ಬಾಲ್ ನುಗ್ಗುವಷ್ಟು ಸಂದು ಬಿಡಬೇಡಿ. ಕೆಳಗಿನ ಕೈಯಲ್ಲಿ ಹೆಬ್ಬೆರಳು ಮತ್ತು ಎರಡು ಬೆರಳು ಮಾತ್ರ ಹಿಡಿದಿದ್ದರೆ ಸಾಕು. ಟೆನಿಸ್ ಬಾಲ್ ಆಡಿದವರು ಆ ಕೈಯನ್ನು ಬಿಗಿಯಾಗಿ ಹಿಡಿಯುತ್ತಾರೆ, ಬಾಲ್ ಬ್ಯಾಟಿಗೆ ಬಡಿದು ಸೀದಾ ಹತ್ತಿರವೇ ನಿಂತ ಸಿಲ್ಲಿ ಪಾಯಿಂಟ್ ಫೀಲ್ಡರ್ ಕೈಗೆ ಹೋಗುತ್ತದೆ. ಬಾಲ್ ಕಣ್ಣಿನ ಕೆಳಗೆ ಬಂದ ಮೇಲೆ ಆಡಿ, ಮುಂದೆ ಹೋಗಿ ಹುಡುಕಬೇಡಿ.

ಡಿಫೆನ್ಸ್ ಯಾಕೆ ಕಲಿಯಬೇಕು ಎನ್ನುವವರು ನಮ್ಮ ತಳಂಗರೆಯ, ಕೇರಳ ತಂಡದ ಬ್ಯಾಟರ್ ಮೊಹಮ್ಮದ್ ಅಜರುದ್ದೀನ್ ಅವರನ್ನು ನೋಡಿ. 2021ರಲ್ಲಿ ವಾಂಖೆಡೆಯಲ್ಲಿ ಮುಂಬೈ ವಿರುದ್ಧದ ಟಿ20ಯಲ್ಲಿ 37 ಬಾಲಿಗೆ ಸೆಂಚುರಿ ಹೊಡೆದು, 54 ಬಾಲಿಗೆ 137 ಮಾಡಿ ನಾಟೌಟ್ ಉಳಿದವರು. 2025ರ ರಣಜಿ ಸೆಮಿಫೈನಲಿನಲ್ಲಿ ಗುಜರಾತ್ ಎದುರು 177 ನಾಟೌಟ್, ಅದಕ್ಕೆ 300ಕ್ಕೂ ಜಾಸ್ತಿ ಬಾಲ್ ತೆಗೆದುಕೊಂಡರು. ಕೇರಳಕ್ಕೆ ಆ ಮ್ಯಾಚಿನ ಮೊದಲ ಇನಿಂಗ್ಸಿನಲ್ಲಿ ಸಿಕ್ಕಿದ್ದು 2 ರನ್ ಲೀಡ್. ಮ್ಯಾಚ್ ಡ್ರಾ ಆದರೂ ಅದೇ ಲೀಡಿನಲ್ಲಿ ಮೊದಲ ಸಲ ರಣಜಿ ಫೈನಲ್ ಸೇರಿತು.

ಡ್ರೈವ್ ಅಂದರೆ ಅದೇ ಡಿಫೆನ್ಸನ್ನು ಮುಂದುವರಿಸುವುದು. ಬಾಲ್ ಇನ್ನೂ ಸ್ವಲ್ಪ ಫುಲ್ ಇರಬೇಕು, ಅಂದರೆ ನಿಮ್ಮ ಹತ್ತಿರ ಬೀಳಬೇಕು, ಕಾಲ ಬುಡದಲ್ಲೇ ಬೀಳುವ ಹಾಫ್‌ವಾಲಿ ಸಿಕ್ಕಿದರೆ ಹಬ್ಬ. ಸ್ಟಂಪ್ ಲೈನಿನಲ್ಲಿದ್ದರೆ ಸ್ಟ್ರೈಟ್ ಡ್ರೈವ್, ಆಫ್ ಸ್ಟಂಪಿನ ಹೊರಗಿದ್ದರೆ ಕವರ್ ಡ್ರೈವ್. ಕವರ್ ಡ್ರೈವಿನಲ್ಲಿ ಔಟ್ ಆಗುವವರನ್ನು ಗಮನಿಸಿ. ಕಾಲು ಅಲ್ಲೇ ಇರುತ್ತದೆ, ಕೈ ಮಾತ್ರ ಬಾಲಿನ ಹಿಂದೆ ಹೋಗುತ್ತದೆ, ಎಡ್ಜ್ ಆಗಿ ಸ್ಲಿಪ್ಪಿಗೆ. ಎಡ ಭುಜ ಮತ್ತು ತಲೆ ಬಾಲಿನ ಕಡೆ ಹೋದರೆ ಕಾಲು ತಾನಾಗಿ ಅದರ ಜೊತೆಗೇ ಮುಂದೆ ಬರುತ್ತದೆ. ಹಾಗಂತ ಎಲ್ಲ ರನ್ನೂ ಚಂದವಾಗಿಯೇ ಬರಬೇಕೆಂದಿಲ್ಲ. ಅನಿಲ್ ಕುಂಬ್ಳೆ 2007ರಲ್ಲಿ ಓವಲಿನಲ್ಲಿ ತಮ್ಮ ಒಂದೇ ಒಂದು ಟೆಸ್ಟ್ ಸೆಂಚುರಿ ಮುಟ್ಟಿದ್ದು ಕ್ರೀಸ್ ಬಿಟ್ಟು ಬಂದು ಬೀಸಿದಾಗ ಸಿಕ್ಕ ಇನ್‌ಸೈಡ್ ಎಡ್ಜಿನಿಂದ. ಅದೂ 118ನೇ ಟೆಸ್ಟಿನಲ್ಲಿ!

ನಿಮ್ಮಿಂದ ದೂರದಲ್ಲೇ ಬೀಳುವ ಶಾರ್ಟ್ ಬಾಲಿನ ವಿಷಯಕ್ಕೆ ಬಂದರೆ, ನಮ್ಮೂರಿನಲ್ಲಿ ಮೊದಲು ನೆಲ ನೋಡಬೇಕು. ಮುರಕಲ್ಲಿನ ಪದವಿನ (ಗುಡ್ಡದ ಮೇಲಿನ ಬಯಲಿನ) ಮೈದಾನದಲ್ಲಿ ಬಾಲ್ ಬಿದ್ದ ಕೂಡಲೇ ಎದೆಗೆ ಏರುತ್ತದೆ. ಕೊಯ್ಲು ಮುಗಿದ ಗದ್ದೆಯಲ್ಲಿ ಅದೇ ಬಾಲ್ ಮೊಣಕಾಲಿನ ಮೇಲೆ ಬರುವುದಿಲ್ಲ. ಮ್ಯಾಟ್ ಹಾಕಿದ ಪಿಚ್ಚಿನಲ್ಲಿ ಬೌನ್ಸ್ ಜಾಸ್ತಿ, ಆದರೆ ನಂಬಬಹುದು. ಗದ್ದೆಯಲ್ಲಿ ಪುಲ್ (ಲೆಗ್ ಸೈಡಿಗೆ ಎಳೆದು ಹೊಡೆಯುವ ಶಾಟ್) ಆಡಲು ಹೋಗುವುದು ಸುಮ್ನೆ ವಿಕೆಟ್ ಕೊಟ್ಟ ಹಾಗೆ. ಮ್ಯಾಟಿನಲ್ಲಿ ಕಟ್ (ಆಫ್ ಸೈಡಿಗೆ ಅಡ್ಡ ಬ್ಯಾಟಿನ ಶಾಟ್) ಮತ್ತು ಪುಲ್ ಬಾರದಿದ್ದರೆ ರನ್ನೇ ಇಲ್ಲ.

ಶಾರ್ಟ್ ಬಾಲ್ ಆಫ್ ಸ್ಟಂಪಿನಿಂದ ಹೊರಗೆ, ಕೈ ಚಾಚುವಷ್ಟು ಜಾಗ ಬಿಟ್ಟು ಬಂದರೆ ಕಟ್. ಬಲಗಾಲು ಹಿಂದಕ್ಕೂ ಅಡ್ಡಕ್ಕೂ ಹೋಗಿ ಆಫ್ ಸ್ಟಂಪಿನ ಹತ್ತಿರ ಊರಲಿ, ಭಾರವೆಲ್ಲ ಅದರ ಮೇಲೆ. ಬ್ಯಾಟ್ ಮೇಲಿಂದ ಕೆಳಕ್ಕೆ ಬರಬೇಕು, ತಾಗುವಾಗ ಮಣಿಕಟ್ಟು ಉರುಳಿದರೆ ಬಾಲ್ ನೆಲ ಹಿಡಿಯುತ್ತದೆ. ಕುಳ್ಳಗಿದ್ದ ಜಿ.ಆರ್. ವಿಶ್ವನಾಥ್ ಸ್ಕ್ವೇರ್ ಕಟ್ಟಿನಿಂದಲೇ ಹೆಸರಾದವರು, ಎತ್ತರ ಇಲ್ಲ ಎಂದು ಕೊರಗುವವರಿಗೆ ಇದನ್ನು ಹೇಳಿ. ಬಾಲ್ ಮೈಗೆ ಹತ್ತಿರ ಬಂದರೆ ಮಾತ್ರ ಕಟ್ ಬೇಡ, ಒಳ ಅಂಚಿಗೆ ತಾಗಿ ಸ್ಟಂಪಿಗೆ ಬರುತ್ತದೆ. ಅದಕ್ಕೆ ಬ್ಯಾಕ್‌ಫುಟ್ಟಿನಲ್ಲಿ ನಿಂತು ನೇರ ಬ್ಯಾಟಿನ ಪಂಚ್ ಸಾಕು.

ಪುಲ್ ಆಡುವುದು ಮೈ ಮೇಲೆ ಬರುವ ಶಾರ್ಟ್ ಬಾಲಿಗೆ, ಸೊಂಟದಿಂದ ಎದೆ ಎತ್ತರ. ಬಲಗಾಲು ಹಿಂದೆ ಹಾಕಿ, ಎದೆ ಬೌಲರ್ ಕಡೆ ತೆರೆದು, ಎರಡೂ ತೋಳು ಚಾಚಿ ಬಾಲನ್ನು ಮುಖದ ಮುಂದೆಯೇ ಹೊಡೆಯಿರಿ. ತಡವಾದರೆ ಟಾಪ್ ಎಡ್ಜ್. ಇಲ್ಲೂ ಬ್ಯಾಟ್ ಮೇಲಿಂದ ಕೆಳಕ್ಕೇ. ತಲೆಯ ಎತ್ತರಕ್ಕೆ ಬಂದರೆ ಅದು ಹುಕ್. ಹೆಲ್ಮೆಟ್ ಇಲ್ಲದೆ ಅದರ ಸುದ್ದಿಗೆ ಹೋಗಬೇಡಿ, ಬಗ್ಗಿ ಬಿಡಿ.

ಪ್ಯಾಡಿನ ಮೇಲೆ ಬರುವ ಫುಲ್ ಬಾಲಿಗೆ ಫ್ಲಿಕ್, ಅಂದರೆ ಮಣಿಕಟ್ಟು ತಿರುಗಿಸಿ ಲೆಗ್ ಸೈಡಿಗೆ. ನಮ್ಮ ಹುಡುಗರಿಗೆ ಇದು ಹೇಳಿಕೊಡಬೇಕಾಗಿಲ್ಲ, ಹೇಳಬೇಕಾದದ್ದು ಮಿಡಲ್ ಸ್ಟಂಪ್ ಬಾಲಿಗೆ ಆಡಬೇಡಿ ಎಂದು ಮಾತ್ರ. ಮಿಸ್ ಆಗಿ ಸ್ಟಂಪ್ ಮುಂದಿನ ಕಾಲಿಗೆ ತಾಗಿದರೆ ಎಲ್‌ಬಿ ಔಟ್.

ಸ್ವೀಪ್ ಸ್ಪಿನ್ನರಿಗೆ. ಎಡಗಾಲು ಉದ್ದಕ್ಕೆ ಚಾಚಿ, ಬಲ ಮಂಡಿ ನೆಲಕ್ಕೆ ಊರಿ, ಪ್ಯಾಡಿನ ಮುಂದೆಯೇ ಬಾಲನ್ನು ಗುಡಿಸಬೇಕು. ಶಾರ್ಟ್ ಬಿದ್ದ ಬಾಲಿಗೆ ಸ್ವೀಪ್ ಬೇಡ, ಏರಿ ಗ್ಲೌಸಿಗೆ ತಾಗುತ್ತದೆ. ಲೆಗ್ ಸ್ಟಂಪಿನ ಹೊರಗೆ ಪಿಚ್ ಆದ ಬಾಲಿಗೆ ಎಲ್‌ಬಿ ಕೊಡುವ ನಿಯಮವೇ ಇಲ್ಲ, ಹಾಗಾಗಿ ಆ ಲೈನಿನಲ್ಲಿ ಧೈರ್ಯವಾಗಿ ಆಡಬಹುದು.

ಪ್ರಾಕ್ಟೀಸಿಗೆ ನೆಟ್ ಇಲ್ಲ ಎನ್ನುವ ಮಾತು ಬೇಡ. ಹಳೇ ಸಾಕ್ಸಿಗೆ ಬಾಲ್ ಹಾಕಿ ಹಲಸಿನ ಕೊಂಬೆಗೆ ಕಟ್ಟಿ, ಮೇಲಿನ ಕೈ ಒಂದರಲ್ಲೇ ಬ್ಯಾಟ್ ಹಿಡಿದು ನೇರ ಹೊಡೆಯಿರಿ. ಬ್ಯಾಟ್ ಅಡ್ಡ ಹೋದರೆ ಬಾಲ್ ಸುತ್ತು ಹೊಡೆಯುತ್ತದೆ, ಗೊತ್ತಾಗುತ್ತದೆ. ಕಟ್ ಮತ್ತು ಪುಲ್ಲಿಗೆ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಬಹಳ ಒಳ್ಳೆಯದು. ಟೆನಿಸ್ ಬಾಲನ್ನು ನೀರಿನಲ್ಲಿ ಅದ್ದಿ ಎಸೆಯಲು ಹೇಳಿ, ಜಾರಿ ವೇಗವಾಗಿ ಬರುತ್ತದೆ, ಯೋಚಿಸಲು ಸಮಯ ಸಿಗುವುದಿಲ್ಲ. ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ ಹಿಡಿದಿರುತ್ತದೆ, ಆಗ ಬೇಡ. ಅಡಿಕೆ ಹರಡಿದ ತಿಂಗಳುಗಳಲ್ಲಿ ಮನೆಯವರೇ ಬಿಡುವುದಿಲ್ಲ. ಉಳಿದದ್ದು ಏಪ್ರಿಲ್, ಮೇ. ಬೆಳಿಗ್ಗೆ ಬಿಸಿಲೇರುವ ಮೊದಲು ಆಡಿ ಮುಗಿಸಿ.