ಮಳೆಗಾಲದ ಆನ್‌ಲೈನ್ ಸಭೆಗೆ ಸೇರುವ ಮೊದಲು

ಅಡಿಕೆ ರೋಗದ ಬಗ್ಗೆ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಆನ್‌ಲೈನ್‌ನಲ್ಲಿ ಮಾತಾಡಿದರೆ ಶಿರಸಿಯ ಮನೆ ಜಗಲಿಯಲ್ಲೇ ಕೂತು ಕೇಳಬಹುದು. ಆದರೆ ಘಟ್ಟದ ಮೇಲೆ ಮಳೆ ಹಿಡಿದರೆ ನೆಟ್‌ವರ್ಕ್ ಕತೆ ಗೊತ್ತೇ ಇದೆ ಅಲ್ವಾ?

ಸೇರಿದ ಕೂಡಲೇ ನಿಮ್ಮ ವಿಡಿಯೊ ಬಂದ್ ಮಾಡಿ. ಡೇಟಾ ಉಳಿಯುತ್ತದೆ, ಮಾತು ತುಂಡಾಗುವುದೂ ಕಡಿಮೆ. ಮೈಕ್ ಮ್ಯೂಟ್‌ನಲ್ಲಿರಲಿ. ನಮ್ಮ ಹಂಚಿನ ಮೇಲೆ ಬೀಳುವ ಮಳೆ ಸದ್ದು ಎಲ್ಲರಿಗೂ ಯಾಕೆ?

ಅಡಿಕೆ ಸೋಗೆಯಲ್ಲಿ ಕಾಣುವ ಎಲೆಚುಕ್ಕೆ ರೋಗದ ಬಗ್ಗೆ ಕೇಳುವುದಿದ್ದರೆ ಬಾಯಲ್ಲಿ ವರ್ಣಿಸುತ್ತಾ ಕೂರಬೇಡಿ. ಹಗಲು ಬೆಳಕಲ್ಲಿ ಸೋಗೆಯ ಎರಡೂ ಬದಿಯ ಫೋಟೋ ಹತ್ತಿರದಿಂದ ತೆಗೆಯಿರಿ, ಇಡೀ ಮರದ್ದೂ ಒಂದಿರಲಿ. ಸಭೆಗೆ ಮೊದಲೇ ಆಯೋಜಕರಿಗೆ ಕಳಿಸಿಬಿಡಿ. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಸೈಜ್ ಇಳಿಸುತ್ತದೆ, ಚುಕ್ಕೆಯ ಅಂಚು ಮಸುಕಾಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ತೆಗೆದ ಹಾಗೇ ಹೋಗುತ್ತದೆ.

ಸಂಘದವರೇ ಸಭೆ ನಡೆಸುವುದಾದರೆ ಇನ್ನೊಂದು ವಿಷಯ. ಜೂಮ್‌ನ ಉಚಿತ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ನಿಲ್ಲುತ್ತದೆ. ಸ್ವಾಗತ, ಪ್ರಾಸ್ತಾವಿಕ ಎಲ್ಲ ಮುಗಿಯುವಷ್ಟರಲ್ಲಿ ಅರ್ಧ ಹೊತ್ತು ಹೋಗಿರುತ್ತದೆ! ಭಾಷಣ ಕಡಿಮೆ ಮಾಡಿ, ಪ್ರಶ್ನೆಗಳನ್ನು ಗ್ರೂಪಲ್ಲಿ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಕರೆಂಟ್ ಹೋಗಿ ತಪ್ಪಿಸಿಕೊಂಡವರಿಗೆ ಆಮೇಲೆ ಆಡಿಯೊ ಮಾತ್ರ ಹಾಕಿದರೂ ಸಾಕು.